ಜೋಡಿ ಬಾರದ ದಿನದ ಕುಸ್ತಿ

ನಮ್ಮ ದಾದಾನ ಹೆಸರನ್ನು ನಾನೇ ಕೈಯಾರೆ ಅಳಿಸಿದ್ದೇನೆ. ಒಂದು ಸಲ ಅಲ್ಲ, ಅವನು ಹಾಕಿಸಿದಾಗಲೆಲ್ಲ ಅಳಿಸಿದ್ದೇನೆ. ದಾದಾ ಎಂದರೆ ನನ್ನ ಒಡಹುಟ್ಟಿದ ಅಣ್ಣ. ನಿಪ್ಪಾಣಿ ಕಡೆ ಅಣ್ಣನನ್ನು ಹಾಗೆಯೇ ಕರೆಯುವುದು. ಅಳಿಸಿದ್ದು ಅಂತರ್ಜಾಲದ ವಿಶ್ವಕೋಶದಲ್ಲಿ, ಕಾಗವಾಡದ ಕಡೆಯ ಒಬ್ಬ ದೊಡ್ಡ ಪೈಲವಾನರ ಪುಟದಲ್ಲಿ. ಏನನ್ನಾದರೂ ತೆಗೆದರೆ ಯಾಕೆ ತೆಗೆದಿರಿ ಎಂದು ಬರೆಯಲು ಅಲ್ಲಿ ಒಂದು ಸಣ್ಣ ಜಾಗ ಇರುತ್ತದೆ. ಅದರಲ್ಲಿ ಪ್ರತಿ ಸಲವೂ ಒಂದೇ ಮಾತು ಬರೆದೆ: ‘ಆಧಾರವಿಲ್ಲ’.

ಇದನ್ನು ಕೇಳಿದ ನೆಂಟರು ನನ್ನನ್ನು ಕಲ್ಲೆದೆಯವಳು ಎನ್ನುತ್ತಾರೆ. ಅನ್ನಲಿ. ಅವರಲ್ಲಿ ಒಬ್ಬರೂ ಒಂದು ಪುಟ ನೆಟ್ಟಗೆ ಬರೆದವರಲ್ಲ.

ನಾನು ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ಗ್ರಂಥಪಾಲಕಿಯಾಗಿದ್ದೆ. ಗ್ರಂಥಾಲಯಕ್ಕೆ ಮೊದಲ ಕಂಪ್ಯೂಟರ್ ಬಂದಾಗ ಪ್ರಾಚಾರ್ಯರು ಅದಕ್ಕೊಂದು ಹೂವಿನ ಚಿತ್ತಾರದ ಗವಸು ಹೊಲಿಸಿ, ಯಾರೂ ಮುಟ್ಟಬಾರದೆಂದು ಅಪ್ಪಣೆ ಮಾಡಿದ್ದರು. ವರ್ಷಗಟ್ಟಲೆ ಅದು ಹೊಸ ಮದುಮಗಳ ಹಾಗೆ ಮುಸುಕು ಹಾಕಿಕೊಂಡು ಕೂತಿತ್ತು. ಆಮೇಲೆ ಬೆಳಗಾವಿಯಲ್ಲಿ ನಡೆದ ತರಬೇತಿಯೊಂದಕ್ಕೆ ನನ್ನನ್ನು ಕಳಿಸಿದರು. ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ವಿಶ್ವಕೋಶವೊಂದು ಕನ್ನಡದಲ್ಲೂ ಇದೆ ಎಂದು ತಿಳಿದದ್ದು ಅಲ್ಲಿ. ವಾಪಸು ಬಂದವಳೇ ಗವಸು ತೆಗೆದೆ. ಪ್ರಾಚಾರ್ಯರು ಏನೂ ಅನ್ನಲಿಲ್ಲ, ಅಷ್ಟೊತ್ತಿಗೆ ಅವರಿಗೆ ಹೊಸದೊಂದು ಬಂದಿತ್ತು.

ನಮ್ಮ ಕಡೆಯ ಆಟಗಾರರ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ. ಇದ್ದ ನಾಲ್ಕಾರು ಪುಟಗಳ ತುಂಬ ಬರೀ ಬಿರುದು. ‘ಸಿಡಿಲಮರಿ’, ‘ಗಡಿನಾಡಿನ ಹುಲಿ’, ‘ತಾಯಿಯ ಹಾಲನ್ನು ಪಾವನಗೊಳಿಸಿದ ವೀರ’. ಹುಟ್ಟಿದ ಊರು ಯಾವುದು, ಯಾವ ತೂಕದಲ್ಲಿ ಆಡಿದರು, ಎಲ್ಲಿ ಗೆದ್ದರು ಎಂದು ಹುಡುಕಿದರೆ ಒಂದಕ್ಕೂ ಉತ್ತರವಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು, ಒಪ್ಪಿದೆ. ಆದರೆ ವಿಶ್ವಕೋಶ ಹೆತ್ತಮ್ಮ ಅಲ್ಲವಲ್ಲ. ನಾನು ಕತ್ತರಿ ಹಿಡಿದು ಕೂತೆ. ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಹಳೆಯ ಪತ್ರಿಕೆಗಳನ್ನು ಹೊಲಿದು ಕಟ್ಟಿಟ್ಟಿದ್ದೆವು. ಊಟದ ಬಿಡುವಿನಲ್ಲಿ ಅವನ್ನು ತಿರುವುತ್ತಾ, ಒಂದೊಂದು ವಾಕ್ಯಕ್ಕೂ ಆಧಾರ ಹುಡುಕಿ ಕೆಳಗೆ ಜೋಡಿಸುತ್ತಿದ್ದೆ. ಆಧಾರ ಸಿಗದ ವಾಕ್ಯಕ್ಕೆ ಮುಲಾಜಿಲ್ಲ.

ರಾಯಬಾಗ ಕಡೆಯ ಓಟಗಾರ್ತಿಯೊಬ್ಬಳ ಪುಟದಲ್ಲಿ ‘ಜಿಂಕೆಯನ್ನೇ ನಾಚಿಸುವ ವೇಗ’ ಎಂದಿತ್ತು. ತೆಗೆದೆ. ಬರೆದವರು ಅವಳ ಸೋದರಮಾವ. ಹೇಗೋ ನನ್ನ ಪತ್ತೆ ಹಚ್ಚಿ, ಬಸ್ಸು ಹಿಡಿದು ಗ್ರಂಥಾಲಯಕ್ಕೇ ಬಂದರು. ಕೂಡ್ರಿ ಎಂದರೆ ಕೂಡ್ರಲಿಲ್ಲ.

“ಮೇಡಮ್ಮಾರ, ಹುಲಿ ತಗದ್ರಿ, ಸಿಂಹ ತಗದ್ರಿ, ಒಂದ ಜಿಂಕಿನರ ಬಿಡ್ರಿ. ಆ ಪಾಪದ ಪ್ರಾಣಿ ಯಾರಿಗೇನ ಮಾಡೇತಿ?”

ಜಿಂಕೆ ನಾಚಿದ್ದಕ್ಕೆ ಪತ್ರಿಕೆಯ ವರದಿ ಇದ್ದರೆ ತನ್ನಿ, ಹಾಕುತ್ತೇನೆ ಎಂದೆ. ಅವರು ನನ್ನನ್ನು ಮೇಲಿಂದ ಕೆಳಗಿನತನಕ ನೋಡಿ, “ನಿಮಗ ಮನ್ಯಾಗ ಯಾರೂ ಮಾತಾಡ್ಸಂಗಿಲ್ಲೇನ್ರಿ?” ಎಂದು ಕೇಳಿ ಹೋದರು. ಆ ಹುಡುಗಿ ರಾಜ್ಯಮಟ್ಟದಲ್ಲಿ ಗೆದ್ದ ಓಟ ಮಾತ್ರ ಆ ಪುಟದಲ್ಲಿ ಉಳಿಯಿತು. ಅದು ಈಗಲೂ ಇದೆ.

ದೊಡ್ಡ ಪೈಲವಾನರ ಪುಟವನ್ನು ಶುರು ಮಾಡಿದವಳು ನಾನೇ. ರಾಜ್ಯದ ಕಿತಾಬು ಎಂಬ ಬಿರುದು ಗೆದ್ದವರು, ಕೊಲ್ಹಾಪುರದ ತಾಲೀಮಿನಲ್ಲಿ, ಅಂದರೆ ಗರಡಿಮನೆಯಲ್ಲಿ, ತಯಾರಾದವರು, ರಾಷ್ಟ್ರಮಟ್ಟದಲ್ಲಿ ಪದಕ ತಂದವರು. ಅವರ ಬಗ್ಗೆ ಎರಡೂ ಭಾಷೆಯ ಪತ್ರಿಕೆಗಳಲ್ಲಿ ಬೇಕಾದಷ್ಟು ಬಂದಿತ್ತು, ಆಧಾರಕ್ಕೆ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಓದುವವರ ತಾಳ್ಮೆಗೆ. ಒಬ್ಬ ಬಂದು ‘ಕನ್ನಡದ ಕುಸ್ತಿಪಟು’ ಎಂದು ಬರೆಯುತ್ತಿದ್ದ, ಮರುದಿನ ಇನ್ನೊಬ್ಬ ‘ಮರಾಠಿ ಕುಸ್ತಿಪಟು’ ಎಂದು ತಿದ್ದುತ್ತಿದ್ದ. ಎರಡನ್ನೂ ತೆಗೆದು ಊರು, ತಾಲೂಕು, ಜಿಲ್ಲೆ ಬರೆದು ಕೈ ತೊಳೆದುಕೊಂಡೆ. ಕಾಗವಾಡ ಬೇರೆ ತಾಲೂಕಾದ ಮೇಲೆ ಅದಕ್ಕೂ ಜಗಳ ಬಂತು. ಕಣಕ್ಕಿಳಿದರೆ ಅವರು ಎರಡೂ ಭಾಷೆಯಲ್ಲಿ ಬೈಯುತ್ತಾರೆ ಎಂದು ದಾದಾ ಹೇಳಿದ್ದ. ಅದಕ್ಕೂ ಆಧಾರವಿರಲಿಲ್ಲ.

ಈಗ ದಾದಾನ ವಿಷಯ.

ನಮ್ಮೂರು ಬೋರಗಾಂವ. ಹಗಲೂ ರಾತ್ರಿ ಪವರ್‌ಲೂಮಿನ ಸಪ್ಪಳದ ಊರು. ಅಲ್ಲಿ ಬೆಳೆದವರೆಲ್ಲ ಮನೆಯಲ್ಲೂ ಕೂಗಿಯೇ ಮಾತಾಡುತ್ತಾರೆ. ಗಂಡನ ಮನೆಗೆ ಬಂದ ಹೊಸತರಲ್ಲಿ ನಾನು ‘ಚಹಾ ಆತ್ರಿ’ ಎಂದರೆ ಅತ್ತೆ ಬೆಚ್ಚಿ ಬೀಳುತ್ತಿದ್ದರು. ದಾದಾ ಮಗ್ಗದ ಮೇಲೆ ಕೆಲಸ ಮಾಡುತ್ತಿದ್ದ. ನಸುಕಿನಲ್ಲಿ ಎದ್ದು ಊರ ತಾಲೀಮಿಗೆ ಹೋಗಿ ಮಣ್ಣು ಹಚ್ಚಿಕೊಂಡು ಬಂದು, ಮೈ ತೊಳೆದು ಮಗ್ಗಕ್ಕೆ ನಿಲ್ಲುತ್ತಿದ್ದ. ಹೆಸರು ಮಾಡಿದ ಪೈಲವಾನನಲ್ಲ. ಸುತ್ತಲಿನ ಊರುಗಳ ಮೈದಾನದಲ್ಲಿ ಮಧ್ಯಾಹ್ನದ ಬಿಸಿಲಿನಲ್ಲಿ ಆಡಿಸುತ್ತಾರಲ್ಲ, ತೆಂಗಿನಕಾಯಿ, ಟವೆಲ್ಲು ಗೆಲ್ಲುವ ಕುಸ್ತಿ, ಆ ಲೆಕ್ಕದವನು.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷ ಆಗಿರಬೇಕು. ಮಂಗಸೂಳಿ ಹತ್ತಿರದ ಒಂದು ಊರಲ್ಲಿ ಕುಸ್ತಿ ಮೈದಾನ ಏರ್ಪಾಡಾಗಿತ್ತು. ಕುಸ್ತಿಯಲ್ಲಿ ಒಂದನೇ ನಂಬರಿನ ಜೋಡಿಯನ್ನು ಎಲ್ಲಕ್ಕಿಂತ ಕೊನೆಗೆ ಬಿಡುತ್ತಾರೆ. ಅವತ್ತು ಒಂದನೇ ನಂಬರಿಗೆ ನಮ್ಮ ದೊಡ್ಡ ಪೈಲವಾನರು, ಅವರ ಎದುರಿಗೆ ಸಾಂಗಲಿ ಕಡೆಯ ಒಬ್ಬ ಹೆಸರಾಂತ ಪೈಲವಾನ. ಹೊತ್ತು ಇಳಿಯಿತು, ಸಾಂಗಲಿಯವನು ಬರಲೇ ಇಲ್ಲ. ಕಾದೂ ಕಾದೂ ದೂರದ ಊರಿನವರು ಬಸ್ಸಿಗೆ ಎದ್ದುಹೋದರು. ಹಲಗೆ ಬಾರಿಸುವವರೂ ಹಲಗೆ ಹೆಗಲಿಗೆ ಹಾಕಿಕೊಂಡು ಹೊರಟರು.

ಜೋಡಿ ಬರಲಿಲ್ಲ ಎಂದು ಪೈಲವಾನ ಸುಮ್ಮನೆ ಮನೆಗೆ ಹೋಗುವ ಹಾಗಿಲ್ಲ. ಒಂದು ಕೈ ಎತ್ತಿಕೊಂಡು ಕಣವನ್ನು ಸುತ್ತಬೇಕು. ಕೂತವರಲ್ಲಿ ಯಾವನಾದರೂ ಎದ್ದು ಬಂದು ಆ ಕೈಗೆ ಕೈ ಹಚ್ಚಿದರೆ ಅವನೇ ಜೋಡಿ. ಸಾಮಾನ್ಯವಾಗಿ ಯಾರೂ ಏಳುವುದಿಲ್ಲ, ಬೆನ್ನೆಲುಬಿನ ಮೇಲೆ ಎಲ್ಲರಿಗೂ ಪ್ರೀತಿ ಇರುತ್ತದೆ. ಪೈಲವಾನ ಸುತ್ತು ಮುಗಿಸಿ, ಮೈದಾನ ನಡೆಸುವ ಪಂಚರಿಂದ ಪಟಕಾ, ಅಂದರೆ ಗೆಲುವಿನ ರುಮಾಲು, ತಲೆಗೆ ಸುತ್ತಿಸಿಕೊಂಡು ಹೋಗುತ್ತಾನೆ. ಅವತ್ತು ದಾದಾ ಎದ್ದ. ಯಾಕೆ ಎದ್ದಿ ಎಂದು ಎಷ್ಟು ಸಲ ಕೇಳಿದರೂ ಅವನ ಉತ್ತರ ಒಂದೇ: “ಕುಂತಲ್ಲಿ ಹರಳ ಚುಚ್ಚಾಕತ್ತಿದ್ದೂ ಬೇ, ಎದ್ನಿ.”

ಕೈ ಹಚ್ಚಿದ. ಕುಸ್ತಿ ಹಿಡಿದರು. ದೊಡ್ಡ ಪೈಲವಾನರನ್ನು ದಾದಾ ಹಿಂದಿನಿಂದ ಹಿಡಿದು, ಎತ್ತಿ, ಅಂಗಾತ ಕೆಡವಿದ. ಎರಡೂ ಭುಜ ಮಣ್ಣಿಗೆ ಹತ್ತಿದವು. ‘ಚಾರಿ ಮುಂಡ್ಯಾ ಚಿತ್’ ಎಂದು ನಮ್ಮ ಕಡೆ ಮರಾಠಿಯಲ್ಲೇ ಹೇಳುತ್ತಾರೆ, ಎದ್ದೇಳಲು ಏನೂ ಬಾಕಿ ಉಳಿಯದ ಸೋಲಿಗೆ. ಪಂಚರು ತಂದಿಟ್ಟಿದ್ದ ಗುಲಾಬಿ ಪಟಕಾವನ್ನು ದಾದಾನ ತಲೆಗೆ ಸುತ್ತಿದರು. ಇದೆಲ್ಲ ದಾದಾ ಹೇಳಿದ್ದು. ನಾನು ನೋಡಿಲ್ಲ, ಆಗ ಹೆಂಗಸರು ಮೈದಾನಕ್ಕೆ ಹೋಗುತ್ತಿರಲಿಲ್ಲ. ನಾನು ನೋಡಿದ್ದು ಆ ಪಟಕಾ ಮಾತ್ರ. ಮುಂದೆ ವೈನಿ, ಅಂದರೆ ದಾದಾನ ಹೆಂಡತಿ, ಅದನ್ನೇ ಜಂತಿಗೆ ಕಟ್ಟಿ ಕೂಸಿಗೆ ಜೋಲಿ ಮಾಡಿದಳು.

ಮರುದಿನ ಬೆಳಿಗ್ಗೆ ಬೋರಗಾಂವದ ಚಹಾದಂಗಡಿಗೆ ಪೇಪರು ಬಂತು. ಅದರಲ್ಲಿ ಅಚ್ಚಾಗಿತ್ತು: ದೊಡ್ಡ ಪೈಲವಾನರು ಸಾಂಗಲಿಯ ಪೈಲವಾನನನ್ನು ರೋಮಾಂಚಕ ಸೆಣಸಾಟದಲ್ಲಿ ಸೋಲಿಸಿದರು, ಪ್ರೇಕ್ಷಕರ ಹರ್ಷೋದ್ಗಾರ ಮುಗಿಲು ಮುಟ್ಟಿತು.

ಬಾರದೇ ಇದ್ದವನು ಸೋತಿದ್ದ. ಬಿದ್ದವರು ಗೆದ್ದಿದ್ದರು. ನಮ್ಮ ದಾದಾ ಎಲ್ಲೂ ಇರಲಿಲ್ಲ.

ಇದು ಹೇಗಾಯಿತು ಎಂದು ಮುಂದೆ ಆ ವರದಿಗಾರರೇ ನನಗೆ ಹೇಳಿದರು. ನಮ್ಮ ಕಡೆ ಪೇಪರು ಹಂಚುವ ಏಜೆಂಟರೇ ಸುದ್ದಿಯನ್ನೂ ಬರೆಯುತ್ತಿದ್ದರು. ಬರೆದದ್ದನ್ನು ಪಾಕೀಟಿಗೆ ಹಾಕಿ, ಸಂಜೆಯ ಬೆಳಗಾವಿ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟರೆ ಅದು ಪೇಪರಿನ ಕಚೇರಿ ಮುಟ್ಟುತ್ತಿತ್ತು. ಬಸ್ಸು ಹೊರಡುವುದು ಹೊತ್ತಿರುವಾಗ, ಒಂದನೇ ನಂಬರಿನ ಕುಸ್ತಿ ನಡೆಯುವುದು ಹೊತ್ತು ಮುಳುಗುವಾಗ. ಆದ್ದರಿಂದ ಆ ಕುಸ್ತಿಯ ವರದಿಯನ್ನು ಎಲ್ಲಕ್ಕಿಂತ ಮೊದಲೇ ಬರೆದಿಡುತ್ತಿದ್ದರು. ಯಾರು ಗೆಲ್ಲುತ್ತಾರೆ ಎಂದು ಪಂಚರನ್ನು ಮಧ್ಯಾಹ್ನವೇ ಕೇಳಿಕೊಳ್ಳುತ್ತಿದ್ದರು.

“ಯಾವತ್ತೂ ತಪ್ಪಿರಲಿಲ್ರಿ ಮೇಡಂ,” ಎಂದರು ಅವರು, ಬೇಸರವೇನೂ ಇಲ್ಲದೆ. “ಆ ಬೋರಗಾಂವದಂವ ಯಾರೋ ನಡುವ ಎದ್ದ ಬಂದ ಕೆಡಸಿದ ಅಂತಾರ ನೋಡ್ರಿ, ನಾ ಪಾಕೀಟ ಕೊಡಾಕ ಹೋಗಿದ್ನಿ.”

“ಆ ಯಾರೋ ನನ್ನ ಅಣ್ಣ ಅದಾನ್ರಿ,” ಎಂದೆ. ಅವರು ಕೈಯಲ್ಲಿದ್ದ ಎಲೆಯಡಿಕೆ ಬಾಯಿಗೆ ಹಾಕಿಕೊಂಡರು. ತಿದ್ದುಪಡಿಯೊಂದನ್ನು ಹಾಕಿಸಬಹುದೇ ಎಂದು ಕೇಳಿದೆ.

“ಇಷ್ಟ ವರ್ಷದ ಮ್ಯಾಲ ತಿದ್ದುಪಡಿ ಅಂತ ಹೋದ್ರ ಪೇಪರದವ್ರು ನನ್ನ ತಿದ್ದತಾರ್ರಿ.”

ಆದರೆ ಈ ಮಾತು ಆದದ್ದು ಬಹಳ ವರ್ಷಗಳ ಮೇಲೆ. ಅವತ್ತು ಚಹಾದಂಗಡಿಯಲ್ಲಿ ದಾದಾನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಹಿಂದಿನ ದಿನದ ಪಟಕಾ ಇನ್ನೂ ತಲೆಯ ಮೇಲಿತ್ತು. ಜನ ಪೇಪರು ನೋಡಿದರು, ಪಟಕಾ ನೋಡಿದರು, ನಗತೊಡಗಿದರು. “ಯಾವ ಅಂಗಡ್ಯಾಗ ತಗೊಂಡ್ಯೋ ಪಟಕಾ?” “ಕನಸಿನ್ಯಾಗ ಆಡಿದಿ ಏನ ಕುಸ್ತಿ?” ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರೆ, ನಮ್ಮ ದಾದಾನದು ಉಲ್ಟಾ ಆಯಿತು, ಗೆದ್ದುಬಂದವನ ಮೀಸೆಗೆ ಊರವರು ಮಣ್ಣು ಹಚ್ಚಿದರು. ಅವನ ಜೊತೆ ಮೈದಾನಕ್ಕೆ ಹೋಗಿದ್ದ ಗೆಳೆಯರು ಬಸ್ಸು ತಪ್ಪೀತೆಂದು ಮೊದಲೇ ಎದ್ದು ಬಂದಿದ್ದರು. ಸಾಕ್ಷಿಗೆ ಒಬ್ಬನೂ ಇರಲಿಲ್ಲ. ‘ಪೇಪರಿನ್ಯಾಗ ಇಲ್ಲದ ಪೈಲವಾನ’ ಎಂಬ ಅಡ್ಡಹೆಸರು ಅವನಿಗೆ ಅವತ್ತೇ ಬಿತ್ತು, ಇವತ್ತಿಗೂ ಹೋಗಿಲ್ಲ. ಸ್ವಲ್ಪ ದಿನಕ್ಕೆ ತಾಲೀಮು ಬಿಟ್ಟ. ಆದರೆ ಆ ಕುಸ್ತಿಯ ಮಾತು ಬಿಡಲಿಲ್ಲ. ಮದುವೆ, ಮುಂಜಿ, ತೊಟ್ಟಿಲು, ಎಲ್ಲಿ ನಾಲ್ಕು ಜನ ಸೇರಿದರೂ ಶುರು ಮಾಡುತ್ತಿದ್ದ. ಕೇಳುವವರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ನನಗೆ ನಾಚಿಕೆಯಾಗುತ್ತಿತ್ತು, ಸಿಟ್ಟೂ ಬರುತ್ತಿತ್ತು. ಸಿಟ್ಟು ಯಾರ ಮೇಲೆ ಎಂದು ಗೊತ್ತಾಗುತ್ತಿರಲಿಲ್ಲ.

ಪುಟ ಶುರುವಾಗಿ ಕೆಲವು ವರ್ಷಗಳ ಮೇಲೆ ಯಾರೋ ಅಭಿಮಾನಿ ಆ ಹಳೆಯ ವರದಿಯನ್ನು ಹುಡುಕಿ, ದೊಡ್ಡ ಪೈಲವಾನರು ಸಾಂಗಲಿಯವನನ್ನು ಸೋಲಿಸಿದರು ಎಂದು ಒಂದು ವಾಕ್ಯ ಸೇರಿಸಿದ. ಕೆಳಗೆ ಪತ್ರಿಕೆಯ ಹೆಸರು, ತಾರೀಖು ಎಲ್ಲ ಕೊಟ್ಟಿದ್ದ. ನಾನು ಹಿಂದಿನ ಕೋಣೆಗೆ ಹೋಗಿ ಕಟ್ಟು ಬಿಚ್ಚಿ ನೋಡಿದೆ. ಅಕ್ಷರ ಅಕ್ಷರ ಸರಿಯಾಗಿತ್ತು, ಅದೇ ಹರ್ಷೋದ್ಗಾರ, ಅದೇ ಮುಗಿಲು. ಹರ್ಷೋದ್ಗಾರವನ್ನು ತೆಗೆದೆ, ವಾಕ್ಯವನ್ನು ಬಿಟ್ಟೆ. ನಿಯಮ ಹಾಗೆ ಇತ್ತು. ಅಚ್ಚಾದದ್ದು ಆಧಾರ, ಅಣ್ಣ ಹೇಳಿದ್ದು ಅಲ್ಲ. ಮೇಲಾಗಿ ಸ್ವಂತ ಮನೆಯವರ ವಿಷಯದಲ್ಲಿ ಕೈ ಹಾಕಬಾರದು ಎಂಬ ನಿಯಮವೂ ಇತ್ತು.

ಬೋರಗಾಂವಕ್ಕೂ ದೊಡ್ಡ ಪರದೆಯ ಮೊಬೈಲು ಬಂದವು. ಯಾರೋ ಪುಟ ತೆರೆದು ದಾದಾನಿಗೆ ತೋರಿಸಿ ಮತ್ತೆ ನಕ್ಕಿದ್ದಾರೆ. ಅವನು ನೇರ ಮೊಬೈಲು ಅಂಗಡಿಗೆ ಹೋಗಿ, ಅಂಗಡಿಯವನಿಂದ ಬರೆಸಿದ್ದಾನೆ. ನಾನು ನೋಡುವಾಗ ಪುಟದಲ್ಲಿ ಹೀಗಿತ್ತು: ‘ಅಂದು ಸದರಿ ಪೈಲವಾನರನ್ನು ಬೋರಗಾಂವದ ಇಂಥವರು ಚಾರಿ ಮುಂಡ್ಯಾ ಚಿತ್ ಮಾಡಿದರು. ಇದು ಸತ್ಯ.’

‘ಇದು ಸತ್ಯ’ ಎಂಬುದನ್ನು ನೋಡಿಯೇ ಯಾರೆಂದು ಗೊತ್ತಾಯಿತು. ಅಳಿಸಿದೆ. ಮತ್ತೆ ಬಂತು, ಈ ಸಲ ‘ದೇವರಾಣೆ ಸತ್ಯ’. ಅಳಿಸಿದೆ. ಮುಂದಿನ ಸಲ ಮಂಗಸೂಳಿ ಮಲ್ಲಯ್ಯನ ಆಣೆಯೂ ಸೇರಿತ್ತು. ಮಲ್ಲಯ್ಯನನ್ನೂ ಅಳಿಸಿ, ರವಿವಾರ ಬಸ್ಸು ಹತ್ತಿ ಬೋರಗಾಂವಕ್ಕೆ ಹೋದೆ.

ದಾದಾ ಮಗ್ಗದ ಮುಂದೆ ನಿಂತಿದ್ದ. ಮಗ್ಗ ನಿಲ್ಲಿಸಲಿಲ್ಲ, ನಾವು ಆ ಸಪ್ಪಳದಲ್ಲೇ ಒದರಿದೆವು.

“ಅಳಸಾಕಿ ನೀನ ಏನ?”

“ಹೌದು ದಾದಾ, ನಾನ.”

“ಅಂಗೈ ಹುಣ್ಣಿಗೆ ಕನ್ನಡಿ ಬೇಕೇನ ಬೇ ನಿನಗ?”

“ಬೇಕು. ಬರೇ ಕನ್ನಡಿ ಅಲ್ಲ, ಅದು ಯಾವ ಪೇಪರಿನ್ಯಾಗಿನ ಕನ್ನಡಿ, ಎಷ್ಟನೇ ಪುಟ, ಅದೂ ಬೇಕು.”

“ನನ್ನ ತಲಿಮ್ಯಾಗಿನ ಪಟಕಾ ನೋಡಿಲ್ಲ ನೀ?”

“ಪಟಕಾ ನೋಡೇನಿ. ಕುಸ್ತಿ ನೋಡಿಲ್ಲ.”

ಅವನು ಮಗ್ಗ ನಿಲ್ಲಿಸಿದ. ಅವನದೊಂದು ನಿಂತರೂ ಉಳಿದ ಮಗ್ಗಗಳ ಸಪ್ಪಳ ಹಾಗೇ ಇತ್ತು.

“ಅಂದ್ರ ನೀನೂ ನಂಬಂಗಿಲ್ಲ,” ಎಂದ.

ನಂಬುತ್ತೇನೆ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಸುಳ್ಳು ಹೇಳುವ ಮನಸ್ಸಾಗಲಿಲ್ಲ. ಅಷ್ಟು ವರ್ಷ ಅವನ ಬಾಯಲ್ಲಿ ಆ ಕುಸ್ತಿ ಬೆಳೆಯುತ್ತಾ ಹೋದದ್ದನ್ನು ಕೇಳಿದ್ದೆ. ಮೊದಲು ಒಂದೇ ಪಟ್ಟಿಗೆ ಮುಗಿದಿದ್ದ ಕುಸ್ತಿ, ವೈನಿಯ ತಮ್ಮನ ಮದುವೆಯ ಹೊತ್ತಿಗೆ ಗಂಟೆಗಟ್ಟಲೆ ನಡೆದಿತ್ತು. ಅವನು ಬೆನ್ನು ತಿರುಗಿಸಿ ಕಡಿದ ನೂಲಿಗೆ ಗಂಟು ಹಾಕತೊಡಗಿದ. ವೈನಿ ಚಹಾ ತಂದಳು.

“ಆಡಿದಾಂವ ಒಬ್ಬ ಹುಚ್ಚ, ಅಳಸಾಕಿ ಅವಗಿಂತ ದೊಡ್ಡ ಹುಚ್ಚಿ,” ಎಂದಳು. “ಆರ್‍ತತಿ, ಕುಡೀರಿ.”

ಅವತ್ತಿನಿಂದ ದಾದಾ ನನ್ನ ಜೊತೆ ಮಾತು ಬಿಟ್ಟ. ನಾಗರ ಪಂಚಮಿಗೆ ತಂಗಿಯನ್ನು ತವರಿಗೆ ಕರೆಯಲು ಅಣ್ಣ ಬರಲೇಬೇಕು, ಬಂದ. ಕರೆದುಕೊಂಡೂ ಹೋದ. ಆದರೆ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಕೂತು, ಊರು ಬರುವವರೆಗೆ ಹಿಂದೆ ತಿರುಗಲಿಲ್ಲ. ಅವನ ಕುತ್ತಿಗೆಯನ್ನೇ ನೋಡುತ್ತಾ ಹೋದೆ. ‘ಏ ದಾದಾ’ ಎನ್ನಲು ಬಾಯಿ ಬರಲಿಲ್ಲ. ನಮ್ಮ ಮನೆತನವೇ ಹಾಗೆ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಮಾತಿಲ್ಲದ ಆ ದಿನಗಳಲ್ಲೇ ನಾನು ವರದಿಗಾರರನ್ನು ಹುಡುಕಿಕೊಂಡು ಹೋದದ್ದು, ಅವರು ಪಾಕೀಟಿನ ಕತೆ ಹೇಳಿದ್ದು. ಅದನ್ನು ಕೇಳಿದ ಮೇಲೆ ನನಗೊಂದು ದಾರಿ ಕಂಡಿತು. ದಾದಾ ಅಲ್ಲಿದ್ದ ಎಂದು ನಾನು ತೋರಿಸಲಾರೆ. ಆದರೆ ಸಾಂಗಲಿಯವನು ಅಲ್ಲಿರಲಿಲ್ಲ ಎಂದು ತೋರಿಸಬಹುದೇನೋ. ಇರದಿದ್ದವನು ಬೇರೆ ಎಲ್ಲೋ ಇದ್ದಿರಬೇಕಲ್ಲ.

ಅತ್ತೆಯ ಕಣ್ಣು ತೋರಿಸಲು ಮಿರಜಿಗೆ ಹೋಗುವುದಿತ್ತು. ಅವರನ್ನು ಡಾಕ್ಟರ ಸರದಿಯಲ್ಲಿ ಕೂಡ್ರಿಸಿ, ಅಲ್ಲಿಯ ಒಂದು ಹಳೆಯ ವಾಚನಾಲಯಕ್ಕೆ ಹೋದೆ. ಗ್ರಂಥಪಾಲಕಿ ಎಂದು ಹೇಳಿಕೊಂಡದ್ದಕ್ಕೆ ಮರಾಠಿ ಪತ್ರಿಕೆಗಳ ಹಳೆಯ ಕಟ್ಟುಗಳನ್ನು ಬಿಚ್ಚಿಕೊಟ್ಟರು. ಅತ್ತೆಯ ಕಣ್ಣಿಗೆ ಔಷಧಿ ಬಿಟ್ಟು ಅವರು ಏನೂ ಕಾಣದೆ ಕೂತಿದ್ದ ಹೊತ್ತಿನಲ್ಲಿ ನನಗೆ ಬೇಕಾದದ್ದು ಕಂಡಿತು. ಅದೇ ದಿನ ಸಾಂಗಲಿಯ ಆ ಪೈಲವಾನ ಸಾತಾರಾ ಕಡೆಯ ಮೈದಾನವೊಂದರಲ್ಲಿ ಆಡಿದ್ದ. ಫೋಟೋ ಸಮೇತ ಹಾಕಿದ್ದರು.

ಪುಟಕ್ಕೆ ಅಂಟಿಕೊಂಡ ಚರ್ಚೆಯ ಜಾಗದಲ್ಲಿ ಎರಡೂ ಪತ್ರಿಕೆಗಳ ವಿವರ ಇಟ್ಟೆ. ನನ್ನ ಮನೆಯವರೊಬ್ಬರಿಗೆ ಇದರಲ್ಲಿ ಸಂಬಂಧವಿದೆ, ಆದ್ದರಿಂದ ನಾನು ತಿದ್ದುವುದಿಲ್ಲ, ನೀವೇ ನೋಡಿ ಎಂದೂ ಬರೆದೆ. ಮುಖ ಪರಿಚಯವಿಲ್ಲದ ಸಂಪಾದಕರು ಕೆಲವರು ಚರ್ಚಿಸಿ ಆ ಗೆಲುವಿನ ವಾಕ್ಯವನ್ನು ತೆಗೆದುಹಾಕಿದರು. ದೊಡ್ಡ ಪೈಲವಾನರ ಅಭಿಮಾನಿಗಳು ನನ್ನನ್ನು ಬೈದದ್ದನ್ನು ಇಲ್ಲಿ ಬರೆಯುವಂತಿಲ್ಲ.

ಪಾಕೀಟಿನ ಕತೆಯನ್ನೂ ಸೇರಿಸಿ ವೈನಿಯ ಮೂಲಕ ದಾದಾನಿಗೆ ಸುದ್ದಿ ಮುಟ್ಟಿಸಿದೆ. ಆವತ್ತೇ ಅವನ ಫೋನು ಬಂತು. ಅಷ್ಟು ದಿನದ ಮೇಲೆ ಅವನು ನನ್ನ ಜೊತೆ ಆಡಿದ ಮೊದಲ ಮಾತು ಇದು:

“ಸುಳ್ಳ ತಗಸಿದಿ, ಚಲೋ ಆತು. ಖರೇ ಯಾವಾಗ ಹಾಕಸ್ತಿ?”

ಆ ಮೈದಾನ ನಡೆಸಿದ ಪಂಚರಲ್ಲಿ ಯಾರೂ ಉಳಿದಿರಲಿಲ್ಲ, ಉಳಿದಿದ್ದರೂ ಬಾಯಿಮಾತು ನಡೆಯುತ್ತಿರಲಿಲ್ಲ. ವಿಷಯ ಅಲ್ಲಿಗೇ ನಿಂತಿತು. ಒಂದೆರಡು ಪಂಚಮಿ ಕಳೆದವು. ದಾದಾ ಬಸ್ಸಿನಲ್ಲಿ ಪಕ್ಕದ ಸೀಟಿಗೆ ಬಂದ, ಆದರೆ ಕಿಟಕಿಯ ಕಡೆಗೇ ನೋಡುತ್ತಿದ್ದ.

ಆಮೇಲೆ ಒಂದು ರವಿವಾರ ಪತ್ರಿಕೆಯ ಪುರವಣಿಯಲ್ಲಿ ದೊಡ್ಡ ಪೈಲವಾನರ ಸಂದರ್ಶನ ಬಂತು. ಅವರೀಗ ಕುಸ್ತಿ ಬಿಟ್ಟು ಸ್ವಂತ ತಾಲೀಮು ನಡೆಸುತ್ತಿದ್ದರು. ಎಲ್ಲ ಗೆಲುವುಗಳನ್ನೂ ಕೇಳಿದ ಮೇಲೆ, ಮರೆಯಲಾಗದ ಸೋಲು ಯಾವುದು ಎಂದು ಕೇಳಿದ್ದರು. ಅವರು ಹೇಳಿದ್ದು ಅಚ್ಚಾಗಿತ್ತು: ‘ಮಂಗಸೂಳಿ ಕಡೆ ಒಂದ ಮೈದಾನ. ಜೋಡಿ ಬರಲಿಲ್ಲ, ಕೈ ಎತ್ತಿ ಕಣ ಸುತ್ತಿದ್ನಿ. ಒಬ್ಬ ಮಗ್ಗದ ಕೆಲಸದಾಂವ ಎದ್ದ ಬಂದ ಕೈ ಹಚ್ಚಿದ. ಅವನ ಮೈಯಾಗ ಮಗ್ಗದ ಎಣ್ಣಿ ವಾಸನಿ ಇತ್ತು, ಅದಕ ಗೊತ್ತಾತು. ನಾ ಅವನ್ನ ಹಗರ ತಗೊಂಡ್ನಿ. ಹಿಂದ ಬಂದಾಂವ ಒಂದ ಪಟ್ಟಿಗೆ ಎತ್ತಿ ಒಗದ. ಮರದಿನ ಪೇಪರಿನ್ಯಾಗ ನೋಡಿದ್ರ ನಾನ ಗೆದ್ದೇನಿ ಅಂತ ಇತ್ತು. ನಾನೂ ಸುಮ್ಮನಾದ್ನಿ. ಅವನ ಹೆಸರ ನೆನಪಿಲ್ಲ, ಕೇಳೇ ಇಲ್ಲೋ ಏನೋ.’

ಒಂದು ಪಟ್ಟಿಗೆ. ದಾದಾ ಮೊದಲ ದಿನ ಹೇಳಿದ್ದೂ ಅದನ್ನೇ.

ಪುರವಣಿಯನ್ನು ಚೀಲಕ್ಕೆ ಹಾಕಿಕೊಂಡು, ಸಿಕ್ಕ ಬಸ್ಸಿಗೆ ಹತ್ತಿದೆ. ದಾರಿಯುದ್ದಕ್ಕೂ ಕಣ್ಣು ಒರೆಸಿಕೊಳ್ಳುತ್ತಿದ್ದೆ, ಪಕ್ಕದ ಹೆಂಗಸು ಯಾರು ತೀರಿಕೊಂಡರು ಎಂದು ಕೇಳಿದಳು. ಬೋರಗಾಂವದಲ್ಲಿ ಇಳಿದು ನೇರ ಮಗ್ಗದ ಮನೆಗೆ ಹೋಗಿ ಅವನ ಕೈಗೆ ಕೊಟ್ಟೆ. ಅವನು ಮಗ್ಗ ನಿಲ್ಲಿಸಿ, ನಿಂತಲ್ಲೇ ಓದಿದ. ಓದಿ ಮುಗಿಸಿ ಮತ್ತೊಮ್ಮೆ ಮೊದಲಿನಿಂದ ಓದಿದ.

“ಹೆಸರ ನೆನಪಿಲ್ಲಂತ,” ಎಂದ. “ಹೇಳಿದ್ನಿ ಬೇ. ಕೈ ಹಚ್ಚುಮುಂದ ಊರು, ಹೆಸರು ಎರಡೂ ಹೇಳಿದ್ನಿ.”

“ಹಲಗಿ ಸಪ್ಪಳದಾಗ ಕೇಳಿರಲಿಕ್ಕಿಲ್ಲ ದಾದಾ.”

“ಹಲಗಿ ಎಲ್ಲಿತ್ತ? ಹಲಗಿಯವ್ರ ಆಗಲೇ ಹೋಗಿದ್ರು.”

ನನಗೆ ತಡೆಯಲಾಗಲಿಲ್ಲ. “ದಾದಾ, ನಾ ನಂಬತೇನಿ,” ಎಂದೆ.

ಅವನು ಪುರವಣಿಯನ್ನು ನೀಟಾಗಿ ಮಡಚಿದ.

“ಹೂಂ,” ಎಂದ. “ಪೇಪರಿನ್ಯಾಗ ಬಂದ ಮ್ಯಾಲ.”

ಈ ಮಾತು ನನಗೆ ತಾಗಿದಷ್ಟು ಯಾರ ಬೈಗುಳವೂ ತಾಗಿಲ್ಲ. ಅವನು ಸಿಟ್ಟಿನಿಂದ ಅಂದದ್ದಲ್ಲ, ಇದ್ದದ್ದನ್ನು ಅಂದ. ಮಗ್ಗ ಮತ್ತೆ ಶುರು ಮಾಡಿದ.

ಸಂದರ್ಶನದ ವಿವರವನ್ನು ಚರ್ಚೆಯ ಜಾಗದಲ್ಲಿ ಇಟ್ಟೆ. ಬೇರೊಬ್ಬ ಸಂಪಾದಕರು ಅದನ್ನು ಓದಿ, ಪುಟಕ್ಕೆ ಒಂದು ವಾಕ್ಯ ಸೇರಿಸಿದರು: ‘ಮಂಗಸೂಳಿ ಬಳಿಯ ಮೈದಾನವೊಂದರಲ್ಲಿ, ಹೆಸರು ತಿಳಿಯದ ಸ್ಥಳೀಯ ಪೈಲವಾನರೊಬ್ಬರ ಎದುರು ಸೋತಿದ್ದಾಗಿ ಅವರು ಸಂದರ್ಶನವೊಂದರಲ್ಲಿ ಹೇಳಿದ್ದಾರೆ.’ ಫೋನಿನಲ್ಲಿ ದಾದಾನಿಗೆ ಓದಿ ಹೇಳಿದೆ.

“ಹೆಸರ ತಿಳೀದ ಅಂದ್ರ? ನಿನಗ ತಿಳದೈತೆಲ್ಲ?”

“ನನಗ ತಿಳದೈತಿ. ಪೇಪರಿಗೆ ತಿಳದಿಲ್ಲ.”

ಅವನು ಫೋನನ್ನು ವೈನಿಯ ಕೈಗೆ ಕೊಟ್ಟು ಮಗ್ಗಕ್ಕೆ ಹೋದ.

ಇದಾದ ಮೇಲೆ ನಾನು ಎಣಿಸದೇ ಇದ್ದದ್ದೊಂದು ನಡೆಯಿತು. ‘ಹೆಸರು ತಿಳಿಯದ’ ಎಂಬ ಜಾಗ ಖಾಲಿ ಇದ್ದದ್ದೇ ತಡ, ಅಲ್ಲಿ ಕೂಡ್ರಲು ಊರೂರಿನವರು ಬಂದರು. ಅಥಣಿ ಕಡೆಯಿಂದ ಒಬ್ಬರ ಹೆಸರು ಬಂತು. ಆ ಪೈಲವಾನರು ತಾವೇ ಎಂದು ರಾಯಬಾಗ ಕಡೆಯಿಂದ ಇನ್ನೊಬ್ಬರು ಬರೆಸಿದರು. ಕೊಕಟನೂರಿನ ದಾರಿಯ ಯಾವುದೋ ಊರಿನವರು ಪಟಕಾ ಸುತ್ತಿಕೊಂಡ ಫೋಟೋವನ್ನೇ ಹಾಕಿದರು. ಪಟಕಾ ಹೊಸದಿತ್ತು, ಬೆಲೆಯ ಚೀಟಿ ತೆಗೆದಿರಲಿಲ್ಲ. ನಾನು ಒಂದೊಂದನ್ನೇ ಅಳಿಸಿದೆ. ಕಾರಣದ ಜಾಗದಲ್ಲಿ ‘ಆಧಾರವಿಲ್ಲ’.

ದಾದಾ ದಿನಾ ಮೊಬೈಲು ಅಂಗಡಿಗೆ ಹೋಗಿ ಪುಟ ತೆರೆಸಿ ನೋಡುತ್ತಿದ್ದ. ಬೇರೆಯವರ ಹೆಸರು ಕಂಡ ಕೂಡಲೇ ನನಗೆ ಫೋನು.

“ಆ ಮಗನ್ನ ಅವತ್ತ ಇನ್ನಾ ಜೋಲ್ಯಾಗ ಹಾಕಿ ತೂಗಾಕತ್ತಿದ್ರ ಬೇ! ತಗದಿ?”

“ತಗದೆ.”

“ಏನಂತ ಬರದಿ?”

“ಆಧಾರವಿಲ್ಲ ಅಂತ.”

ಅವನು ನಕ್ಕ. ಎಷ್ಟೋ ವರ್ಷದ ಮೇಲೆ ಆ ನಗು ಕೇಳಿದೆ. “ಚಲೋ ಮಾತೈತಿ ಅದು,” ಎಂದ.

ಆ ಹೊತ್ತಿಗೆ ಬೋರಗಾಂವದ ತರುಣರ ಸಂಘವೊಂದು ತಮ್ಮ ಸ್ಮರಣ ಸಂಚಿಕೆಯಲ್ಲಿ ದಾದಾನ ಬಗ್ಗೆ ಬರೆಯುತ್ತೇವೆ ಎಂದು ಮುಂದೆ ಬಂತು. ಸಂದರ್ಶನ ಓದಿದ ಮೇಲೆ ಊರಿನವರಿಗೆ ಅವನು ಒಮ್ಮೆಲೇ ತಮ್ಮವನಾಗಿಬಿಟ್ಟಿದ್ದ. ನಕ್ಕವರೇ ಈಗ ‘ನಾವು ಮೊದಲಿಂದ ಹೇಳತಿದ್ವಿ’ ಎನ್ನುತ್ತಿದ್ದರು. ಅಚ್ಚಾದರೆ ಅದು ಆಧಾರವಾದೀತೇ ಎಂದು ದಾದಾ ಕೇಳಿದ. ಬಲವಾದದ್ದಲ್ಲ, ಆದರೂ ಚರ್ಚೆಗೆ ಇಡಬಹುದು ಎಂದೆ. ಮನಸ್ಸಿನಲ್ಲಿ ಒಪ್ಪಲಿ ದೇವರೇ ಎಂದುಕೊಂಡಿದ್ದೆ. ಈ ಒಂದು ಸಲ ಯಾರಾದರೂ ಆ ಹೆಸರು ಹಾಕಿದರೆ ನನಗಾಗುವ ಸಂತೋಷ ಅಷ್ಟಿಷ್ಟಲ್ಲ.

ಅವನು ಎರಡು ದಿನ ಬಿಟ್ಟು ಫೋನು ಮಾಡಿದ. “ಬ್ಯಾಡ ಅಂದ್ನಿ ಅವರಿಗೆ.”

“ಯಾಕ ದಾದಾ?”

“ಅವರ್‍ಯಾರೂ ನೋಡಿಲ್ಲ. ನಾ ಹೇಳಿದ್ದ ಅವರು ಬರೀತಾರ. ಅದೂ ಆ ಬಸ್ಸಿನ ಪಾಕೀಟ ಆದಂಗ ಆತಲ್ಲ ಮತ್ತ.” ಸ್ವಲ್ಪ ತಡೆದು ಹೇಳಿದ: “ಖಾಲಿ ಇರಲಿ. ಮತ್ತ್ಯಾರೂ ಬಂದ ಕುಂಡ್ರಬಾರದು ಅಲ್ಲಿ. ನೀ ನೋಡ್ಕೋ.”

ಈಗ ನಾನು ನಿವೃತ್ತಿಯಾಗಿದ್ದೇನೆ. ಕಾಲೇಜಿನ ಕಂಪ್ಯೂಟರಿಗೆ ಯಾರೋ ಮತ್ತೆ ಗವಸು ಹಾಕಿದ್ದಾರಂತೆ. ಮನೆಯಲ್ಲಿ ಕೂತೇ ಪುಟಗಳನ್ನು ನೋಡುತ್ತೇನೆ, ಹುಲಿ, ಸಿಂಹ ತೆಗೆಯುತ್ತೇನೆ. ಆ ವಾಕ್ಯಕ್ಕೆ ಈಗಲೂ ಆಗಾಗ ಯಾರಾದರೂ ಹೆಸರು ಅಂಟಿಸುತ್ತಾರೆ, ಅಳಿಸುತ್ತೇನೆ. ಇದನ್ನು ಬರೆಯುತ್ತೇನೆ ಎಂದಾಗ ದಾದಾ ಇಲ್ಲೂ ಹೆಸರು ಬೇಡ ಎಂದ. ಹಾಕಿಲ್ಲ.

ರವಿವಾರ ಅವನ ಫೋನು ಬರುತ್ತದೆ. ಮಗ್ಗದ ಸಪ್ಪಳದ ಮೇಲೆ ಒದರಿ ಕೇಳುತ್ತಾನೆ:

“ಖಾಲಿ ಐತೇನ ಬೇ?”

“ಐತಿ ದಾದಾ.”

“ಹಂಗಾದ್ರ ಅಲ್ಲಿ ನಾ ಅದೇನಿ,” ಎಂದು ಫೋನು ಇಡುತ್ತಾನೆ.